ಕಾಮರ್ಸ್ ಕ್ಲಾಸಿನ ಅರ್ಥಶಾಸ್ತ್ರಕ್ಕೆ ಜಾತಿ ಗೊತ್ತಿಲ್ಲವಂತೆ!



ಬಿ.ಕಾಂ. ಓದುತ್ತಿರುವ ನಮ್ಮ ಹಾಸ್ಟೆಲ್ ಹುಡುಗನನ್ನು ನಿಲ್ಲಿಸಿ, "ಏನೋ ತಮ್ಮಾ, ಏನೇನು ಓದ್ತೀಯ?" ಅಂತ ಕೇಳಿ ನೋಡಿ. ಅಕೌಂಟ್ಸು, ಕಾಸ್ಟಿಂಗು, ಟ್ಯಾಕ್ಸು, ಆಡಿಟಿಂಗು ಅಂತ ಬೆರಳು ಮಡಚುತ್ತಾನೆ. ಎಕನಾಮಿಕ್ಸ್ ಇಲ್ಲವೇನೋ ಅಂದರೆ, "ಅದೂ ಇದೆಯಣ್ಣ, ಹಿಂದಿನ ರಾತ್ರಿ ಗೈಡು ತಿರುವಿ ಹಾಕಿದ್ರೆ ಪಾಸಾಗ್ತದೆ" ಅಂತಾನೆ. ಈ "ಪಾಸಾಗ್ತದೆ" ಅನ್ನೋ ಮಾತಿನ ಮೇಲೆ ನನ್ನ ಜಗಳ. ಹುಡುಗನ ಮೇಲಲ್ಲ. ಹಾಗೆ ಹೇಳುವಂತೆ ಅವನನ್ನು ತಯಾರು ಮಾಡಿದ ಪುಸ್ತಕದ ಮೇಲೆ, ಆ ಪುಸ್ತಕವನ್ನು ಕಣ್ಣು ಮುಚ್ಚಿಕೊಂಡು ಡಿಕ್ಟೇಟ್ ಮಾಡುವ ಮೇಷ್ಟರ ಮೇಲೆ, ಮತ್ತೆ "ಕಾಮರ್ಸು ಸಾಹುಕಾರರ ಮಕ್ಕಳದ್ದು, ನಮಗ್ಯಾಕೆ" ಅಂತ ಮೂಗು ಮುರಿಯುವ ನಮ್ಮದೇ ಸಂಘಟನೆಯ ಅಣ್ಣಂದಿರ ಮೇಲೆ.

ನಾನು ಬಿ.ಎ. ಮಾಡಿದವನು. ಮೂರು ವರ್ಷ ಅರ್ಥಶಾಸ್ತ್ರವನ್ನೂ ಓದಿದೆ. ಕವಿತೆ ಬರೆಯೋನಿಗೆ ಬೇಡಿಕೆ-ಪೂರೈಕೆ ಯಾಕಯ್ಯ ಅಂತ ಕೇಳುವವರಿದ್ದಾರೆ. ನಮ್ಮವ್ವನಿಗೆ ಕೂಲಿ ಇಷ್ಟೇ ಯಾಕೆ ಸಿಕ್ಕಿತು ಅನ್ನೋದು ಗೊತ್ತಿಲ್ಲದವನ ಕವಿತೆಯಲ್ಲಿ ಅವ್ವ ಬರೀ ಅಳುತ್ತಾ ಕೂತಿರುತ್ತಾಳೆ. ಅಷ್ಟು ಅಳಿಸಿದ್ದು ಸಾಕು.

ಮೊದಲನೇ ಪಾಠಕ್ಕೇ ಬರೋಣ. ಬಿ.ಕಾಂ. ಓದುವ ಎಲ್ಲರಿಗೂ ಬಾಯಿಪಾಠ ಆಗಿರುವ ಪಾಠ ಅದು: ಅರ್ಥಶಾಸ್ತ್ರದ ವ್ಯಾಖ್ಯೆಗಳು. 1776ರಲ್ಲಿ ಪುಸ್ತಕ ಬರೆದ ಆಡಂ ಸ್ಮಿತ್ ಸಂಪತ್ತು ಅಂದ. 1890ರಲ್ಲಿ ಮಾರ್ಷಲ್ ಬಂದು ಕಲ್ಯಾಣ ಅಂದ. 1932ರಲ್ಲಿ ಲಯೊನೆಲ್ ರಾಬಿನ್ಸ್ ಅದೆಲ್ಲ ಸರಿಯಿಲ್ಲ, ಆಸೆ ಬಹಳ, ಸಾಧನ ಕಮ್ಮಿ, ಆ ಸಾಧನಗಳಿಗೆ ಬೇರೆ ಬೇರೆ ಉಪಯೋಗ ಉಂಟು, ಇವುಗಳ ನಡುವೆ ಮನುಷ್ಯ ಮಾಡುವ ಆಯ್ಕೆಯೇ ಅರ್ಥಶಾಸ್ತ್ರ ಅಂದ. ಇಷ್ಟು ಬರೆದರೆ ಮಾರ್ಕ್ಸು ಬೀಳುತ್ತೆ.

ಆಯ್ತು ಸ್ವಾಮಿ, ಬರೀತೀವಿ. ಆದರೆ ಒಂದು ಕೇಳ್ತೀವಿ. ದುಡಿಮೆಯೂ ಒಂದು ಸಾಧನವೇ ತಾನೆ? ಅದಕ್ಕೂ ಬೇರೆ ಬೇರೆ ಉಪಯೋಗ ಇರಬೇಕಲ್ಲ? ಮ್ಯಾನ್‌ಹೋಲಿಗೆ ಇಳಿಯುವವನ ದುಡಿಮೆಗೆ ಬೇರೆ ಯಾವ ಉಪಯೋಗ ಇಟ್ಟಿದ್ದೀರಿ? ಅವನ ಅಪ್ಪನೂ ಅದಕ್ಕೇ, ತಾತನೂ ಅದಕ್ಕೇ. ಮಲ ಹೊರುವುದನ್ನು ನಿಲ್ಲಿಸಲು 1993ರಲ್ಲಿ ಒಂದು ಕಾಯಿದೆ ಬಂತು, ಸಾಲದು ಅಂತ 2013ರಲ್ಲಿ ಇನ್ನೊಂದು ಬಂತು. ಗುಂಡಿಯೊಳಗಿನ ಸಾವು ನಿಂತಿಲ್ಲ. ಇದು ಆಯ್ಕೆಯೇ? ಯಾರು ಮಾಡಿದ ಆಯ್ಕೆ? ಕೆಲಸ ಹಂಚಿಕೊಳ್ಳುವುದು ಬೇರೆ, ಕೆಲಸಗಾರರನ್ನೇ ಮೇಲು ಕೀಳು ಅಂತ ಹಂಚಿಬಿಡುವುದು ಬೇರೆ. ಜಾತಿ ಮಾಡಿದ್ದು ಎರಡನೆಯದನ್ನು ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿದ್ದಾರೆ. ಸ್ಮಿತ್ತನ ಗುಂಡುಸೂಜಿ ಕಾರ್ಖಾನೆ ನಮ್ಮ ಹುಡುಗರಿಗೆ ಬಾಯಿಗೆ ಬರುತ್ತೆ. ಇದು ಬರಲ್ಲ. ಯಾಕಂದ್ರೆ ಇದು ಗೈಡಿನಲ್ಲಿಲ್ಲ.

ಇನ್ನೊಂದು ಪಾಠ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹೆಸರು ಕೇಳಿಯೇ ಹೊಟ್ಟೆ ತುಂಬಿಹೋಗುತ್ತೆ! ವಿಷಯ ಇಷ್ಟೇ: ಹಸಿದವನಿಗೆ ಮೊದಲನೇ ಕಿತ್ತಳೆ ಹಣ್ಣು ಬಹಳ ರುಚಿ, ಎರಡನೆಯದು ಸ್ವಲ್ಪ ಕಮ್ಮಿ, ಮೂರನೆಯದು ಇನ್ನೂ ಕಮ್ಮಿ. ಕಿತ್ತಳೆ ಹಣ್ಣನ್ನು ಒಂದರ ಹಿಂದೊಂದು ತಿನ್ನುವ ಹಸಿದವನನ್ನು ನಾನಂತೂ ಕಂಡಿಲ್ಲ. ಮುದ್ದೆ ಅಂತ ಬರೆದಿದ್ದರೆ ಏನು ನಷ್ಟ ಆಗ್ತಿತ್ತೋ ಕಾಣೆ. ಒಂದೇ ತೊಂದರೆ, ನಾನಿದ್ದ ಹಾಸ್ಟೆಲಿನಲ್ಲಿ ಈ ನಿಯಮವನ್ನು ಪರೀಕ್ಷೆ ಮಾಡಲು ಸಾಧ್ಯವಿರಲಿಲ್ಲ. ಎರಡನೇ ಮುದ್ದೆ ಕೊಡ್ತಾ ಇರಲಿಲ್ಲ.

ಮುದ್ದೆ ಬಂತು, ರಾಗಿಯ ಮಾತನ್ನೂ ಆಡಿಬಿಡ್ತೀನಿ. 'ಕೀಳು ಸರಕು' ಅಂತ ಒಂದು ಇದೆ. ಆದಾಯ ಹೆಚ್ಚಿದಾಗ ಜನ ಯಾವುದನ್ನು ಕೊಳ್ಳುವುದು ಕಮ್ಮಿ ಮಾಡ್ತಾರೋ ಅದು ಕೀಳು ಸರಕು. ಶಾಸ್ತ್ರದ ಮಾತು, ಬೈಗುಳವಲ್ಲ, ಒಪ್ಪಿದೆ. ಉದಾಹರಣೆ ಕೊಡುವಾಗ ಮಾತ್ರ ಕೈ ಎಲ್ಲಿಗೆ ಹೋಗುತ್ತೆ ನೋಡಿ: ಜೋಳ, ಸಜ್ಜೆ, ರಾಗಿ, ಒರಟು ಬಟ್ಟೆ. ಅಂದರೆ ನಮ್ಮ ತಟ್ಟೆ ಮತ್ತು ನಮ್ಮ ಮೈಮೇಲಿನದು. ಕ್ಲಾಸಿನಲ್ಲಿ ಮೇಷ್ಟರು "ಇನ್‌ಫೀರಿಯರ್ ಗೂಡ್ಸ್, ಉದಾಹರಣೆಗೆ ರಾಗಿ" ಅಂದಾಗ ಹಿಂದಿನ ಬೆಂಚಿನಲ್ಲಿ ನಗು ಏಳುತ್ತೆ, ನಮ್ಮ ಹುಡುಗ ತಲೆ ತಗ್ಗಿಸಿ ಬರ್ಕೊಳ್ತಾನೆ. ತಲೆ ತಗ್ಗಿಸಬೇಡ ಕಣೋ, ಕೈ ಎತ್ತು! 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಸಾರಿತು. ಬೆಂಗಳೂರಿನ ಮಾಲುಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಮಾಲ್ಟು ಸಾಲಾಗಿ ಕೂತಿವೆ. ಕಾರಿನಲ್ಲಿ ಬಂದು ಕೊಳ್ಳುವವರು ಕೊಳ್ಳುತ್ತಿದ್ದಾರೆ. ನಿಮ್ಮ ಪುಸ್ತಕದ ವ್ಯಾಖ್ಯೆಯ ಪ್ರಕಾರವೇ, ಆದಾಯ ಏರಿದ ಮೇಲೂ ಅವರು ಹೆಚ್ಚು ಹೆಚ್ಚು ಕೊಳ್ಳುವ ರಾಗಿ ಅವರ ಪಾಲಿಗೆ ಕೀಳು ಸರಕಲ್ಲ. ಹಾಗಾದರೆ ಕೀಳುತನ ಕಾಳಿನಲ್ಲಿ ಇರಲಿಲ್ಲ, ತಿನ್ನುವವನ ಮೇಲೆ ಇತ್ತು. ರಾಗಿಗೆ ಬಡ್ತಿ ಸಿಕ್ಕಿತು. ರಾಗಿ ಬೀಸಿದವಳಿಗೆ?

ಇದನ್ನು ತಮಾಷೆ ಅಂದುಕೊಳ್ಳಬೇಡಿ. ಇಲ್ಲಿಂದ ಮುಂದಕ್ಕೆ ಕೂಲಿಯ ಪಾಠ ಬರುತ್ತೆ, ಅಲ್ಲಿ ತಮಾಷೆ ಇಲ್ಲ.

ಉತ್ಪಾದನೆಯ ಅಂಗ ನಾಲ್ಕು ಅಂತಾರೆ. ಭೂಮಿ, ದುಡಿಮೆ, ಬಂಡವಾಳ, ಸಂಘಟನೆ. ಭೂಮಿಗೆ ಗೇಣಿ, ದುಡಿಮೆಗೆ ಕೂಲಿ, ಬಂಡವಾಳಕ್ಕೆ ಬಡ್ಡಿ, ಸಂಘಟನೆಗೆ ಲಾಭ. ಎಷ್ಟು ಚೆಂದಾಗಿ ಭಾಗ ಹಂಚಿದ್ದಾರೆ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ! ಇದರಲ್ಲಿ ಜೀತದಾಳನ್ನು ಎಲ್ಲಿಡ್ತೀರಿ? ಅಪ್ಪ ತಂದ ಸಾಲಕ್ಕೆ ಮಗ ಗೌಡರ ಮನೆಯಲ್ಲಿ ದನ ಕಾಯ್ತಾನೆ. ಅವನು ದುಡಿಮೆ, ಸರಿ. ಕೂಲಿಯ ಕಾಲಂ ನೋಡಿದರೆ ಖಾಲಿ. ಬಡ್ಡಿಯ ಕಾಲಂ ನೋಡಿದರೆ ಅಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯಿದೆ ಈ ದೇಶಕ್ಕೆ ಬಂದದ್ದು 1976ರಲ್ಲಿ. ನಾಲ್ಕು ಅಂಗದ ಪಾಠ ಅದಕ್ಕೆ ಮುಂಚೆಯೂ ಹೀಗೇ ಇತ್ತು, ಆಮೇಲೂ ಹೀಗೇ ಇದೆ. ಭೂಮಿಯ ಮಾತೂ ಅಷ್ಟೆ. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು, ದೊಡ್ಡ ಕೆಲಸವೇ. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ, ಕೂಲಿಗಳು. ಉಳುವವನೇ ಒಡೆಯ ಅಂದಾಗ, ಉಳುವವನ ಹಿಂದೆ ಕಳೆ ಕೀಳುತ್ತಿದ್ದವಳ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ.

ಕೂಲಿ ಹೇಗೆ ನಿಗದಿಯಾಗುತ್ತೆ? ಕೆಲಸಗಾರ ಎಷ್ಟು ಉತ್ಪಾದನೆ ಕೂಡಿಸುತ್ತಾನೋ ಅದಕ್ಕೆ ತಕ್ಕ ಹಾಗೆ, ಪೈಪೋಟಿ ಇರುವ ಮಾರುಕಟ್ಟೆಯಲ್ಲಿ ಅಂತ ಪುಸ್ತಕ. ಮಾರುಕಟ್ಟೆ ಯಾರ ಜಾತಿಯನ್ನೂ ಕೇಳಲ್ಲ ಅಂತ ಮೇಷ್ಟರು. ಕೇಳುತ್ತೆ ಸ್ವಾಮಿ. ಕೇಳುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅನ್ನುವ ಇಬ್ಬರು ವಿದ್ವಾಂಸರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಪೇಪರಿನಲ್ಲಿ ಬಂದ ಖಾಸಗಿ ಕಂಪನಿಗಳ ಕೆಲಸದ ಜಾಹೀರಾತಿಗೆ ಅರ್ಜಿ ಹಾಕಿದರು. ಓದು ಒಂದೇ, ಅನುಭವ ಒಂದೇ, ಬೇರೆ ಇದ್ದದ್ದು ಹೆಸರು ಮಾತ್ರ. ಒಂದರಲ್ಲಿ ಮೇಲ್ಜಾತಿಯ ಅಡ್ಡಹೆಸರು, ಇನ್ನೊಂದರಲ್ಲಿ ದಲಿತ ಅಡ್ಡಹೆಸರು. ದಲಿತ ಹೆಸರಿಗೆ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿನ ಮೂರರಲ್ಲಿ ಎರಡು ಪಾಲಿನಷ್ಟೇ ಇತ್ತು. ಇಂಟರ್‌ವ್ಯೂ ಇನ್ನೂ ಆಗಿಲ್ಲ, ಮುಖ ನೋಡಿಲ್ಲ, ಒಂದು ಮಾತಾಡಿಸಿಲ್ಲ. ಉತ್ಪಾದನಾ ಸಾಮರ್ಥ್ಯವನ್ನು ಅಡ್ಡಹೆಸರಿನಲ್ಲೇ ಅಳೆದು ಮುಗಿಸಿದರು.

ಇದು ಇವತ್ತಿನ ಕತೆಯಾದರೆ ಹಳೆಯದು ಕೇಳಿ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದ ಒಬ್ಬ ಯುವಕ ಬೊಂಬಾಯಿಯಲ್ಲಿ ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಒಂದು ಸಣ್ಣ ಕಚೇರಿ ತೆರೆದ. ಆ ಊರಿನಲ್ಲಿ ಅಂಥ ಓದು ಓದಿದವರು ಎಷ್ಟು ಜನ ಇದ್ದರು? ಗಿರಾಕಿಗಳಿಗೆ ಅವನು ಅಸ್ಪೃಶ್ಯ ಅಂತ ಗೊತ್ತಾಯಿತು, ಬರುವುದನ್ನು ಬಿಟ್ಟರು, ಕಚೇರಿ ಮುಚ್ಚಿತು. ದುಡ್ಡು ದುಡ್ಡನ್ನೇ ನೋಡುತ್ತೆ, ಲಾಭ ಇರುವ ಕಡೆಗೆ ಗಿರಾಕಿ ಹೋಗ್ತಾನೆ ಅನ್ನುವ ಸಿದ್ಧಾಂತ ಬಾಬಾಸಾಹೇಬರ ಮೇಜಿನ ಮುಂದೆ ಹೀಗೆ ಸುಳ್ಳಾಯಿತು. ಲಾಭ ಬಿಟ್ಟು ಜಾತಿ ಉಳಿಸಿಕೊಂಡರು.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರ ಇಲ್ಲವೇ? ಇದೆ. ಅದನ್ನು ನಮ್ಮ ಹುಡುಗರಿಗೆ ಹೇಳುವವರು ಇಲ್ಲ. ಅಮೆರಿಕದ ಗ್ಯಾರಿ ಬೆಕರ್ 1957ರಲ್ಲಿ ಭೇದಭಾವದ ಅರ್ಥಶಾಸ್ತ್ರ ಅಂತಲೇ ಪುಸ್ತಕ ಬರೆದ. ಭೇದ ಮಾಡುವ ಮಾಲೀಕ ತಾನೇ ನಷ್ಟ ಅನುಭವಿಸ್ತಾನೆ, ಪೈಪೋಟಿ ಹೆಚ್ಚಾದಂತೆ ಅಂಥವನು ಹಿಂದೆ ಬೀಳ್ತಾನೆ ಅನ್ನೋದು ಅವನ ವಾದದ ದಿಕ್ಕು. ಕೇಳೋಕೆ ಹಿತವಾಗಿದೆ. ಆದರೆ 1976ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನುವ ಇನ್ನೊಬ್ಬ ಅಮೆರಿಕದವನು ಜಾತಿಯನ್ನೇ ಹೆಸರಿಸಿ ಒಂದು ಲೇಖನ ಬರೆದ. ನಮ್ಮ ಯಾವ ಹಳ್ಳಿಯವನಿಗೂ ಅರ್ಥವಾಗುವ ಮಾತು ಅದರಲ್ಲಿದೆ: ಜಾತಿಯ ಕಟ್ಟು ಮುರಿದವನನ್ನು ಮಾತ್ರ ಅಲ್ಲ, ಅವನ ಜೊತೆ ವ್ಯವಹಾರ ಮಾಡಿದವನನ್ನೂ ಹೊರಗಿಡ್ತಾರೆ ಅನ್ನುವ ಭಯ ಇದ್ದರೆ, ಎಲ್ಲರಿಗೂ ನಷ್ಟವಾಗುತ್ತಿದ್ದರೂ ಯಾರೂ ಆ ಕಟ್ಟನ್ನು ಮುರಿಯಲ್ಲ. ಪೈಪೋಟಿ ಅಲ್ಲಿ ಏನೂ ಕಿಸಿಯಲ್ಲ.

ಬಹಿಷ್ಕಾರ ಹಾಕಿದ ಊರನ್ನು ನೋಡಿದವರಿಗೆ ಇದನ್ನು ಗ್ರಾಫ್ ಬರೆದು ತೋರಿಸಬೇಕಿಲ್ಲ. ಕೇರಿಯವರ ಕೈಲಿ ಕಾಸಿದೆ, ಅಂಗಡಿಯಲ್ಲಿ ಎಣ್ಣೆಯಿದೆ. ಬೇಡಿಕೆಯೂ ಇದೆ ಪೂರೈಕೆಯೂ ಇದೆ. ಆದರೂ ವ್ಯಾಪಾರ ನಡೆಯಲ್ಲ. ಫ್ಲೋರ್ ಮಿಲ್ಲಿನವನು ಹಿಟ್ಟು ಬೀಸಲ್ಲ, ಆಟೋದವನು ಹತ್ತಿಸಿಕೊಳ್ಳಲ್ಲ, ಯಾಕಂದರೆ ಹತ್ತಿಸಿಕೊಂಡರೆ ಅವನಿಗೂ ದಂಡ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಕಡೆ ಬೆಲೆ ನಿಲ್ಲುತ್ತೆ ಅಂತಾರಲ್ಲ, ಈ ಊರಲ್ಲಿ ಆ ಎರಡು ಗೆರೆಗಳ ನಡುವೆ ಒಂದು ಬೀದಿ ಇದೆ. ಬಿ.ಕಾಂ. ಪುಸ್ತಕದಲ್ಲಿ ಪೂರ್ಣ ಪೈಪೋಟಿ, ಏಕಸ್ವಾಮ್ಯ, ಅಲ್ಪಸ್ವಾಮ್ಯ ಅಂತ ಮಾರುಕಟ್ಟೆಯ ಬಗೆಗಳನ್ನು ಹೇಳ್ತಾರೆ. ಕೇರಿ ಅನ್ನುವ ಮಾರುಕಟ್ಟೆ ಯಾವ ಬಗೆ? ನಮ್ಮವನು ಊರಲ್ಲಿ ಹೋಟೆಲಿಟ್ಟರೆ ಟೀ ಕುಡಿಯೋಕೆ ಯಾರು ಬರ್ತಾರೆ? ಅಕರ್ಲಾಫನಿಗೆ 2001ರಲ್ಲಿ, ಬೇರೆ ಕೆಲಸಕ್ಕೆ, ನೊಬೆಲ್ ಬಂತು. ಆ ಬೇರೆ ಕೆಲಸ ನಮ್ಮ ಪುಸ್ತಕಗಳಿಗೂ ಬಂತು. ಜಾತಿಯ ಮೇಲೆ ಬರೆದದ್ದು ಬರಲಿಲ್ಲ. ಅಮೆರಿಕದವನಿಗೆ ಕಂಡದ್ದು ನಮ್ಮೂರಿನ ಪ್ರೊಫೆಸರಿಗೆ ಕಾಣಲ್ಲ ಅಂದರೆ ಅದು ಕಣ್ಣಿನ ದೋಷ ಅಲ್ಲ.

ಈಗ ನಮ್ಮ ಅಣ್ಣಂದಿರಿಗೆ ಎರಡು ಮಾತು. ಕಾಮರ್ಸ್ ನಮ್ಮದಲ್ಲ ಅಂತೀರಲ್ಲ, ಅಂಬೇಡ್ಕರ್ ಮೊದಲು ಪಾಠ ಹೇಳಿದ ಕಾಲೇಜು ಯಾವುದು ಗೊತ್ತಾ? ಕಾಮರ್ಸ್ ಕಾಲೇಜು. ಬೊಂಬಾಯಿಯ ಸಿಡನ್‌ಹ್ಯಾಮ್ ಕಾಲೇಜ್ ಆಫ್ ಕಾಮರ್ಸ್ ಅಂಡ್ ಎಕನಾಮಿಕ್ಸ್. 1913ರಲ್ಲಿ ಶುರುವಾದದ್ದು. 1918ರಿಂದ 1920ರವರೆಗೆ ಅವರು ಅಲ್ಲಿ ಪೊಲಿಟಿಕಲ್ ಎಕಾನಮಿಯ ಪ್ರೊಫೆಸರ್. ಕಾಮರ್ಸ್ ಹುಡುಗರಿಗೆ ಅರ್ಥಶಾಸ್ತ್ರ ಹೇಳುವ ಮೇಷ್ಟರು! ಸ್ಟಾಫ್ ರೂಮಿನ ನೀರಿನ ಗಡಿಗೆಯನ್ನು ಅವರು ಮುಟ್ಟಬಾರದು ಅಂತ ಜೊತೆಯ ಕೆಲವು ಪ್ರೊಫೆಸರುಗಳು ತಕರಾರು ತೆಗೆದರು. ಆ ಗಡಿಗೆಯ ಕತೆಯನ್ನು ನಾವು ಪ್ರತಿ ಏಪ್ರಿಲ್ 14ಕ್ಕೂ ಮೈಕಿನಲ್ಲಿ ಹೇಳ್ತೀವಿ. ಆ ಗಡಿಗೆಯ ಪಕ್ಕದ ಕ್ಲಾಸಿನಲ್ಲಿ ಅವರು ಹೇಳುತ್ತಿದ್ದ ವಿಷಯ ಏನು ಅಂತ ಒಂದು ಸಲವಾದರೂ ಹೇಳಿದ್ದೀವಾ? ಸೂಟು ಬೂಟು ಹಾಕಿ, ಕೈಯಲ್ಲಿ ಪುಸ್ತಕ ಕೊಟ್ಟು ಪ್ರತಿಮೆ ನಿಲ್ಲಿಸಿದೆವು. ಆ ಮನುಷ್ಯ ಬರೆದ ಪುಸ್ತಕಗಳಲ್ಲಿ ರೂಪಾಯಿಯ ಮೇಲೆ ಒಂದಿದೆ, ಪ್ರಾಂತ್ಯಗಳ ಹಣಕಾಸಿನ ಮೇಲೆ ಒಂದಿದೆ ಅಂತ ನಮಗೇ ಮರೆತುಹೋಗಿದೆ.

ಅದೇ 1918ರಲ್ಲಿ ಅವರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದರು. ಹೊಲ ಚೂರುಚೂರಾಗಿರುವುದೇ ರೋಗ, ಚೂರುಗಳನ್ನು ಒಟ್ಟುಗೂಡಿಸಿದರೆ ಗುಣವಾಗುತ್ತೆ ಅಂತ ಆಗ ದೊಡ್ಡವರೆಲ್ಲ ಹೇಳುತ್ತಿದ್ದರು. ಇವರು ಅದಲ್ಲ ಅಂದರು. ಹೊಲ ದೊಡ್ಡದೋ ಚಿಕ್ಕದೋ ಅನ್ನುವುದು ಬಂಡವಾಳ, ಎತ್ತು, ನೇಗಿಲು ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತೆ. ಬೇರೆ ಕೆಲಸವಿಲ್ಲದೆ ಎಲ್ಲರೂ ಅದೇ ಹೊಲದ ಮೇಲೆ ಬಿದ್ದಿದ್ದಾರೆ, ಕೆಲಸವಿದ್ದಂತೆ ಕಾಣುವ ಎಷ್ಟೋ ಕೈಗಳು ನಿಜವಾಗಿ ಸುಮ್ಮನಿವೆ. ಮದ್ದು ಕೈಗಾರಿಕೆಯಲ್ಲಿದೆ ಅಂತ ವಾದಿಸಿದರು. ಬಿ.ಕಾಂ. ಹುಡುಗರೇ, 'ಮರೆಮಾಚಿದ ನಿರುದ್ಯೋಗ' ಅಂತ ಭಾರತದ ಅರ್ಥವ್ಯವಸ್ಥೆಯ ಪಾಠದಲ್ಲಿ ಓದ್ತೀರಲ್ಲ, ಅದೇ ಇದು. ಆ ಪಾಠದಲ್ಲಿ ಆರ್ಥರ್ ಲೂಯಿಸ್ ಬರ್ತಾನೆ, ಅವನು ಬರೆದದ್ದು 1954ರಲ್ಲಿ. ಲೂಯಿಸ್ ದೊಡ್ಡವನೇ, ಕರಿಯರವನೇ, ನಮ್ಮವನೇ ಅಂತ ನಾನು ಅಂದುಕೊಳ್ತೀನಿ. ಆದರೂ 36 ವರ್ಷ ಮುಂಚೆ ಬರೆದವನ ಹೆಸರು ಒಂದು ಸಾಲಿಗಾದರೂ ಬೇಡವೇ? ನಾನು ಹುಡುಗರಿಂದ ಇಸಕೊಂಡು ನೋಡಿದ ಗೈಡುಗಳಲ್ಲಿ ಎಲ್ಲೂ ಇಲ್ಲ.

ರಾಬಿನ್ಸನ ಮಾತು ಮೇಲೆ ಬಂತಲ್ಲ, ಇನ್ನೂ ಒಂದು ಸಂಗತಿ ಇದೆ. ಅಂಬೇಡ್ಕರ್ 1920ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ವಾಪಸ್ ಹೋದರು. ಅಲ್ಲಿ ಅವರ ಗುರು ಎಡ್ವಿನ್ ಕ್ಯಾನನ್. ಅದೇ 1920ರಲ್ಲಿ ಅದೇ ಸ್ಕೂಲಿಗೆ ಓದಲು ಸೇರಿದ ಇನ್ನೊಬ್ಬ ಲಯೊನೆಲ್ ರಾಬಿನ್ಸ್. ಅವನೂ ಕ್ಯಾನನ್ನನ ಕೈಕೆಳಗೇ ಕಲಿತವನು. ಒಂದೇ ಶಾಲೆ, ಒಂದೇ ಕಾಲ, ಒಬ್ಬನೇ ಗುರು. ಒಬ್ಬನ ವ್ಯಾಖ್ಯೆ ಮೊದಲನೇ ಪುಟದಲ್ಲಿ ಕೂತಿದೆ. ಇನ್ನೊಬ್ಬನ ಫೋಟೋ ಕಾಲೇಜಿನ ಗೋಡೆ ಮೇಲಿದೆ, ವರ್ಷಕ್ಕೊಂದು ಹಾರ. ಪುಸ್ತಕದ ಒಳಕ್ಕೆ ಬಿಟ್ಟುಕೊಂಡಿಲ್ಲ.

1923ರಲ್ಲಿ ಬಂದ 'ರೂಪಾಯಿಯ ಸಮಸ್ಯೆ'ಗೆ ಆ ಕ್ಯಾನನ್ನೇ ಮುನ್ನುಡಿ ಬರೆದದ್ದು. ಆ ಪುಸ್ತಕ ಸುಲಭದ್ದಲ್ಲ. ಬೆಳ್ಳಿ ರೂಪಾಯಿ, 1893ರಲ್ಲಿ ಟಂಕಸಾಲೆಯನ್ನು ಬೆಳ್ಳಿಗೆ ಮುಚ್ಚಿದ್ದು, ಚಿನ್ನದ ವಿನಿಮಯ ಪ್ರಮಿತಿ, ಇವೆಲ್ಲ ತಲೆ ಬಿಸಿ ಮಾಡುತ್ತವೆ. ಆದರೆ ಅದರೊಳಗೆ ಒಂದು ವಾದ ಇದೆ, ಅದನ್ನು ನಮ್ಮವ್ವನಿಗೆ ಹೇಳಿದರೆ ತಟ್ಟನೆ ಅರ್ಥವಾಗುತ್ತೆ. ರೂಪಾಯಿಯ ಬೆಲೆ ಇಳಿದರೆ ದೇಶಕ್ಕೆ ಒಳ್ಳೆಯದು, ಹೊರದೇಶಕ್ಕೆ ಮಾಲು ಹೆಚ್ಚು ಹೋಗುತ್ತೆ ಅಂತ ವ್ಯಾಪಾರಸ್ಥರು ಹೇಳುತ್ತಿದ್ದರು. ದೇಶ ಅಂದರೆ ಯಾರು ಅಂತ ಇವರು ಬಿಡಿಸಿ ನೋಡಿದರು. ರೂಪಾಯಿ ಇಳಿದಾಗ ಅಕ್ಕಿ ಬೇಳೆಯ ಬೆಲೆ ಏರುತ್ತೆ. ಕೂಲಿ ಅದೇ ವೇಗದಲ್ಲಿ ಏರಲ್ಲ. ಕೂಲಿಯವನು ಅಷ್ಟೇ ರೂಪಾಯಿ ಎಣಿಸ್ತಾನೆ, ಚೀಲಕ್ಕೆ ಕಮ್ಮಿ ಬೀಳುತ್ತೆ. ಮಾಲೀಕನಿಗೆ ಬಂದ ಲಾಭ ಹೊರದೇಶದಿಂದ ಬಂದದ್ದಲ್ಲ, ಆ ಚೀಲದಿಂದ ಹೋದದ್ದು. ಈಗಿನ ಪರೀಕ್ಷೆಯಲ್ಲಿ ಅಪಮೌಲ್ಯದ ಅನುಕೂಲಗಳು ಅಂತ ಪ್ರಶ್ನೆ ಬರುತ್ತೆ. 1966ರಲ್ಲಿ ಆಯಿತು, 1991ರಲ್ಲಿ ಆಯಿತು, ರಫ್ತಿಗೆ ಪ್ರೋತ್ಸಾಹ ಅಂತ ಬರೀತೀರಿ. ಬರೆಯಿರಿ. ಅದರ ಕೆಳಗೆ ಈ ಚೀಲದ ಮಾತನ್ನೂ ನಾಲ್ಕು ಸಾಲು ಸೇರಿಸಿ, ಅಂಬೇಡ್ಕರ್, 1923 ಅಂತ ಇಸವಿ ಹಾಕಿ. ಮಾರ್ಕ್ಸ್ ಕಳೆಯುವ ಧೈರ್ಯ ಯಾರಿಗಿದೆಯೋ ನೋಡೋಣ.

ಇಲ್ಲಿ ನಮ್ಮವರಿಗೂ ಒಂದು ಎಚ್ಚರಿಕೆ. ರಿಸರ್ವ್ ಬ್ಯಾಂಕನ್ನು ಬಾಬಾಸಾಹೇಬರೇ ಕಟ್ಟಿದರು ಅಂತ ವಾಟ್ಸಾಪಿನಲ್ಲಿ ದಿನಾ ಬರುತ್ತೆ, ದಿನಾ ಹಂಚ್ತೀರಿ. 1925ರ ಡಿಸೆಂಬರಿನಲ್ಲಿ ಅವರು ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು, ಲಿಖಿತ ಹೇಳಿಕೆ ಕೊಟ್ಟರು. ಆ ಆಯೋಗ ಕೇಂದ್ರ ಬ್ಯಾಂಕಿನ ಶಿಫಾರಸು ಮಾಡಿತು. 1934ರಲ್ಲಿ ಕಾಯಿದೆ, 1935ರ ಏಪ್ರಿಲ್ 1ಕ್ಕೆ ಬ್ಯಾಂಕು. ನಿಜ ಇಷ್ಟು. ಇಷ್ಟೇ ಸಾಲದೇ? ಉಬ್ಬಿಸಿ ಹೇಳಿದರೆ ಎದುರಿಗಿನವನು ಆ ಉಬ್ಬನ್ನು ಒಡೆದು, ನಿಜವನ್ನೂ ಅದರ ಜೊತೆ ಗುಡಿಸಿ ಹಾಕ್ತಾನೆ. ಕಾಮರ್ಸ್ ಹುಡುಗನಿಗಾದರೂ ಇದು ಗೊತ್ತಿರಬೇಕು, ವೋಚರ್ ಇಲ್ಲದ ಎಂಟ್ರಿ ನಿಲ್ಲಲ್ಲ.

ಭಾಷೆಯ ಮಾತು. ಹತ್ತನೇ ಕ್ಲಾಸಿನವರೆಗೆ, ಎಷ್ಟೋ ಸಲ ಪಿ.ಯು.ಸಿ.ವರೆಗೂ ಕನ್ನಡದಲ್ಲಿ ಓದಿದ ಹುಡುಗಿ ಬಿ.ಕಾಂ.ಗೆ ಬಂದು ಕೂರ್ತಾಳೆ. ಪಾಠ ಇಂಗ್ಲಿಷು. ಕನ್ನಡದಲ್ಲಿ ಬರೀತೀನಿ ಅಂದರೆ ಪುಸ್ತಕ ಸಿಗಲ್ಲ, ಸಿಕ್ಕಿದರೂ ಆ ಕನ್ನಡ ಇಂಗ್ಲಿಷಿಗಿಂತ ಕಷ್ಟ. ಸ್ಥಿತಿಸ್ಥಾಪಕತ್ವ! ಯಾರ ಮನೆಯ ಕನ್ನಡ ಇದು? ಬೆಲೆ ಏರಿದಾಗ ಯಾವುದನ್ನು ಕೊಳ್ಳೋದು ಬಿಡಬಹುದು, ಯಾವುದನ್ನು ಬಿಡೋಕಾಗಲ್ಲ ಅನ್ನೋದನ್ನು ಸಂತೆಗೆ ಹೋಗುವ ಯಾವ ಹೆಂಗಸೂ ಬಲ್ಲಳು. ಉಪ್ಪಿನ ಬೆಲೆ ಏರಿತು ಅಂತ ಉಪ್ಪು ಬಿಡಲ್ಲ, ಹೂವಿನ ಬೆಲೆ ಏರಿದರೆ ಹೂವು ಬಿಡ್ತಾಳೆ. ಅಷ್ಟು ಹೇಳಿ ಆಮೇಲೆ ಬೇಕಾದರೆ ಆ ದೊಡ್ಡ ಪದ ಹೇಳಲಿ. ಮೊದಲೇ ಪದವನ್ನು ಕಲ್ಲಿನ ಹಾಗೆ ತಲೆ ಮೇಲೆ ಹಾಕಿ, ತಲೆ ತಿರುಗಿದವಳನ್ನು ದಡ್ಡಿ ಅಂತಾರೆ. ಆಮೇಲೆ ಮೀಸಲಾತಿಯವರು ಅಂತಾರೆ. ಒಬ್ಬ ಮೇಷ್ಟರು, ಹೆಸರು ಬೇಡ, ನಮ್ಮ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ಪನ್ನು ವರ್ಗಾವಣೆ ಪಾವತಿ ಅನ್ನೋದಕ್ಕೆ ಉದಾಹರಣೆಯಾಗಿ ಕೊಟ್ಟು, "ಕೆಲಸ ಮಾಡದೆ ಸಿಗುವ ದುಡ್ಡು" ಅಂತ ನಮ್ಮ ಸಾಲಿನ ಕಡೆ ನೋಡಿ ನಕ್ಕರು. ಸರಕಾರಿ ಬಾಂಡಿನ ಬಡ್ಡಿಯನ್ನೂ ಪುಸ್ತಕ ಅದೇ ಪಟ್ಟಿಗೆ ಸೇರಿಸುತ್ತೆ. ಬಾಂಡು ಇಟ್ಟುಕೊಂಡವರ ಸಾಲಿನ ಕಡೆ ಯಾರೂ ನೋಡಿ ನಗಲ್ಲ.

ಯಾಕೆ ಇಷ್ಟೆಲ್ಲ ಅಂದರೆ, ಲೆಕ್ಕ ಬಾರದಿದ್ದರೆ ಏನಾಗುತ್ತೆ ಅನ್ನೋದನ್ನು ನಾವು ಕಾಲಾಂತರದಿಂದ ನೋಡಿದ್ದೀವಿ. ಸಾಹುಕಾರ ಬರೆದದ್ದೇ ಸಾಲ, ಅವನು ಓದಿದ್ದೇ ಬಡ್ಡಿ, ಹೆಬ್ಬೆಟ್ಟು ನಮ್ಮದು. 1875ರಲ್ಲಿ ಪುಣೆ, ಅಹ್ಮದ್‌ನಗರದ ಕಡೆಯ ರೈತರು ಸಾಹುಕಾರರ ಮನೆಗೆ ನುಗ್ಗಿ ಮೊದಲು ಹುಡುಕಿದ್ದು ಸಾಲದ ಪತ್ರಗಳನ್ನು. ಅವನ್ನು ಬೀದಿಗೆ ತಂದು ಸುಟ್ಟರು. ಓದೋಕೆ ಬಾರದವರಿಗೆ ಸುಡೋದೊಂದೇ ದಾರಿ ಇತ್ತು. ನಮಗೆ ಓದೋಕೆ ಬರುತ್ತಲ್ಲ ಈಗ? ಓದ್ತಾ ಇದ್ದೀವಾ?

ಓದಬೇಕಾದ ದೊಡ್ಡ ಲೆಕ್ಕದ ಪುಸ್ತಕ ಈಗ ವಿಧಾನಸೌಧದಲ್ಲಿದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95. ಕೂಡಿದರೆ 24.10. ಹಂಚಿಕೆಗೆ ಬರುವ ಅಭಿವೃದ್ಧಿ ಹಣದಲ್ಲಿ ಈ ಪ್ರಮಾಣಕ್ಕೆ ಕಮ್ಮಿ ಇಲ್ಲದಷ್ಟನ್ನು ಈ ಜನಕ್ಕೇ ತೆಗೆದಿಡಬೇಕು ಅಂತ 2013ರಲ್ಲಿ ಉಪಯೋಜನೆಯ ಕಾಯಿದೆ ಆಯಿತು. ಹೋರಾಟ ಮಾಡಿ ತಂದದ್ದು. ಒಳ್ಳೆಯ ಕಾಯಿದೆ. ಆದರೆ ಅದರೊಳಗೇ 7(ಡಿ) ಅಂತ ಒಂದು ಬಿಲ ಇತ್ತು. ರಸ್ತೆ, ಸೇತುವೆಯಂಥ ಭಾಗ ಮಾಡಲಾಗದ ಕಾಮಗಾರಿ ಇದ್ದರೆ, ಅದರ ಖರ್ಚಿನಲ್ಲಿ ಒಂದು ಪಾಲು ನಮಗಾಗಿಯೇ ಆಗಿದೆ ಅಂತ ಭಾವಿಸಬಹುದಂತೆ. ಭಾವಿಸುವುದು! ಎಲ್ಲರೂ ಓಡಾಡುವ ರಸ್ತೆಯನ್ನು ನಮ್ಮ ಲೆಕ್ಕಕ್ಕೆ ಬರೆದರು. ಹತ್ತು ವರ್ಷ ಆ ಬಿಲ ತೆರೆದಿತ್ತು, 2023ರಲ್ಲಿ ಆ ಕಲಮನ್ನು ತೆಗೆದರು. ತೆಗೆದ ಅದೇ ವರ್ಷದಿಂದ ಗ್ಯಾರಂಟಿ ಯೋಜನೆಗಳಿಗೆ ಈ ಉಪಯೋಜನೆಯ ಹಣವನ್ನೂ ಹಚ್ಚಿದರು. ನಮ್ಮವರೂ ಅದರ ಫಲಾನುಭವಿಗಳೇ ತಾನೆ ಅನ್ನೋದು ಸರಕಾರದ ಉತ್ತರ. ಬಸ್ಸಿನಲ್ಲಿ ನಮ್ಮವ್ವಂದಿರು ಟಿಕೇಟಿಲ್ಲದೆ ಹೋಗ್ತಾರೆ, ಹೋಗಲಿ, ಅದು ಅವರ ಹಕ್ಕು. ಪಕ್ಕದ ಸೀಟಿನ ಹೆಂಗಸಿನ ಟಿಕೇಟು ರಾಜ್ಯದ ಸಾಮಾನ್ಯ ಖಜಾನೆಯಿಂದ, ನಮ್ಮವ್ವನ ಟಿಕೇಟು ಮಾತ್ರ ನಮ್ಮ ಹಾಸ್ಟೆಲು, ನಮ್ಮ ಬೋರ್‌ವೆಲ್ಲು, ನಮ್ಮ ಸ್ಕಾಲರ್‌ಶಿಪ್ಪಿಗೆ ಅಂತ ಇಟ್ಟ ಗಂಟಿನಿಂದ ಯಾಕೆ?

ಈ ಪ್ರಶ್ನೆಯನ್ನು ಸಭೆಯಲ್ಲಿ ಕೂಗಿ ಕೇಳುವುದು ನನಗೆ ಗೊತ್ತು. ಕಾಗದದ ಮೇಲೆ ಸಾಬೀತು ಮಾಡುವುದು ಬಿ.ಕಾಂ. ಓದಿದ ನಿಮಗೆ ಗೊತ್ತಿರಬೇಕು. ಒಂದೇ ರೂಪಾಯಿಯನ್ನು ಎರಡು ಕಡೆ ತೋರಿಸಿದರೆ ನಿಮ್ಮ ಆಡಿಟಿಂಗ್ ಪೇಪರು ಅದಕ್ಕೆ ಏನನ್ನುತ್ತೆ? ಅವಕಾಶ ವೆಚ್ಚ ಅಂತ ಓದಿದ್ದೀರಿ. ಒಂದನ್ನು ಮಾಡಿದ್ದಕ್ಕೆ ಕೈಬಿಟ್ಟ ಇನ್ನೊಂದರ ಬೆಲೆ. ಆ ರಸ್ತೆಯ ಅವಕಾಶ ವೆಚ್ಚ ಎಷ್ಟು ಹಾಸ್ಟೆಲು, ಎಷ್ಟು ಬೋರ್‌ವೆಲ್ಲು? "ಹಂಚಿಕೆಗೆ ಬರುವ" ಅನ್ನುವ ಮಾತಿನಲ್ಲೇ ಎಷ್ಟು ಕೋಟಿಯನ್ನು ಹಂಚಿಕೆಗೆ ಬಾರದ್ದು ಅಂತ ಮೊದಲೇ ಪಕ್ಕಕ್ಕಿಟ್ಟಿದ್ದಾರೆ? ಇದನ್ನು ತೆಗೆದು ತೋರಿಸುವ ಹುಡುಗ, ಹುಡುಗಿ ಪ್ರತಿ ಹಾಸ್ಟೆಲಿನಲ್ಲೂ ಒಬ್ಬರಿದ್ದರೆ ನಮ್ಮ ಮನವಿ ಪತ್ರಗಳನ್ನು ಕಸದ ಬುಟ್ಟಿಗೆ ಹಾಕೋಕೆ ಅಧಿಕಾರಿಗಳ ಕೈ ಸ್ವಲ್ಪ ನಡುಗುತ್ತೆ.

ಬಜೆಟ್ಟಿನ ಜೊತೆಗೆ ಉಪಯೋಜನೆಯ ಹಂಚಿಕೆಯ ಪ್ರತ್ಯೇಕ ಪುಸ್ತಕವೇ ಬರುತ್ತೆ. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಕಾಸಿಲ್ಲದೆ ಸಿಗುತ್ತೆ. ಭಾನುವಾರ ಊಟ ಆದ ಮೇಲೆ ಮೆಸ್ಸಿನ ಉದ್ದ ಟೇಬಲ್ಲಿನಲ್ಲಿ ಕೂರೋಣ. ಒಬ್ಬ ಬಿ.ಎ.ಯವನು, ಪಕ್ಕದಲ್ಲಿ ಒಬ್ಬ ಬಿ.ಕಾಂ.ನವನು, ಹಾಗೆ ಜೋಡಿ ಜೋಡಿಯಾಗಿ. ಹಿಂದಿನ ಎರಡು ವರ್ಷದ್ದನ್ನೂ ಪ್ರಿಂಟು ತೆಗೆಸಿಕೊಂಡು ಬನ್ನಿ, ಹೋಲಿಸೋಕೆ ಬೇಕು. ಕ್ಯಾಲ್ಕ್ಯುಲೇಟರ್ ಇದ್ದವರು ತನ್ನಿ, ಪೆನ್ಸಿಲ್ ಎಲ್ಲರೂ ತನ್ನಿ. ಮೊದಲು ಹಾಸ್ಟೆಲುಗಳ ಬಾಬ್ತು ತೆಗೆಯೋಣ. ಇಟ್ಟದ್ದೆಷ್ಟು, ಬಿಡುಗಡೆ ಆದದ್ದೆಷ್ಟು, ಖರ್ಚಾದದ್ದೆಷ್ಟು, ಈ ಮೂರು ಕಾಲಂ ಸಾಕು.